ಮೂಲೆಯ ಪಾಲು

ಐಸ್ ರಿಂಕಿನ ಗ್ಯಾಲರಿಗೆ ಹತ್ತುವ ಮೆಟ್ಟಿಲುಗಳ ಕೆಳಗೆ ಒಂದು ಕೋಣೆಯಿದೆ. ಕೋಣೆ ಎಂದರೆ ಅದಕ್ಕೆ ಹೆಚ್ಚಾದೀತು. ಒಳಗೆ ಒಬ್ಬರು ಬಗ್ಗಿದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕು. ಅಲ್ಲಿ ಇಪ್ಪತ್ತೆಂಟು ವರ್ಷದಿಂದ ಒಬ್ಬಳು ಕೂತು ಸ್ಕೇಟ್ ಬೂಟುಗಳ ಅಲಗಿಗೆ ಸಾಣೆ ಹಿಡಿಯುತ್ತಾಳೆ. ತಿರುಗುವ ಕಲ್ಲು, ಎಣ್ಣೆಬಟ್ಟೆ, ಅಲಗಿನ ಎರಡೂ ಅಂಚು ಸಮವಾಗಿವೆಯೇ ಎಂದು ನೋಡಲು ಗೇಣುದ್ದದ ಸ್ಟೀಲ್ ಪಟ್ಟಿ, ಕೂರಲು ಬೆನ್ನಿಲ್ಲದ ಸ್ಟೂಲು. ಇಷ್ಟೇ ಅವಳ ಸಂಸಾರ. ಮಕ್ಕಳು ಅವಳನ್ನು ಸಾಣೆಯಮ್ಮ ಎನ್ನುತ್ತಾರೆ. ಅದಕ್ಕೆ ಮೊದಲು ಅವಳಿಗೆ ಇನ್ನೊಂದು ಹೆಸರಿತ್ತು ಎಂಬುದು ಆ ಮಕ್ಕಳಿಗಿರಲಿ, ಅವರ ಅಪ್ಪ ಅಮ್ಮಂದಿರಿಗೂ ಗೊತ್ತಿಲ್ಲ.

ಬೂಟು ಕೈಗೆ ಬಂದಾಗಲೆಲ್ಲ ಆಕೆ ಒಂದು ಗಳಿಗೆ ಕಣ್ಣು ಮುಚ್ಚುತ್ತಾಳೆ. ದೇವರೇ, ಇದನ್ನು ಹಾಕಿಕೊಳ್ಳುವ ಮಗು ಬೀಳದಿರಲಿ ಎಂದು ಬೇಡುವುದಿಲ್ಲ. ಬೀಳದೆ ಈ ವಿದ್ಯೆ ಕಲಿತವರನ್ನು ಆಕೆ ಕಂಡಿಲ್ಲ. ಬಿದ್ದರೆ ಏಳುವಷ್ಟು ಬಲ ಮೊಣಕಾಲಿಗಿರಲಿ ಎಂದು ಕೇಳಿಕೊಳ್ಳುತ್ತಾಳೆ. ಆಮೇಲೆ ಕಲ್ಲು ತಿರುಗುತ್ತದೆ, ಕಿಡಿ ಹಾರುತ್ತದೆ.

ಆವತ್ತು ಬೆಳಗ್ಗೆ ಮ್ಯಾನೇಜರ್ ಹುಡುಗಿ ಬಂದು ಬಾಗಿಲಿಗೆ ಒರಗಿ ನಿಂತಳು. ಬರುವ ಭಾನುವಾರ ರಿಂಕಿಗೆ ಐವತ್ತು ವರ್ಷ ತುಂಬುತ್ತದೆ, ಮಕ್ಕಳು ಕುಣಿತ ಗಿಣಿತ ಎಲ್ಲ ಇಟ್ಟುಕೊಂಡಿದ್ದಾರೆ, ಅದರ ಮಧ್ಯೆ ಹಳೇ ಕಾಲದ್ದು ಒಂದಿರಲಿ ಎಂದು ತನಗನ್ನಿಸಿತು ಎಂದಳು. ಹಿಂದೆ ಐಸಿನ ಮೇಲೆ ಎಂಟು ಬರೆಯುತ್ತಿದ್ದರಂತೆ, ಈಗಿನ ಕೋಚುಗಳಿಗೂ ಅದು ಬರುವುದಿಲ್ಲವಂತೆ, ಹಳೇ ರಿಜಿಸ್ಟರು ತೆಗೆದು ನೋಡಿದರೆ ಆ ವಿದ್ಯೆ ಬಲ್ಲವರಲ್ಲಿ ಇಬ್ಬರೇ ಸಿಕ್ಕರಂತೆ. ಒಬ್ಬರು ಇಲ್ಲೇ ಮೆಟ್ಟಿಲ ಕೆಳಗಿದ್ದಾರೆ. ಇನ್ನೊಬ್ಬರಿಗೆ ಫೋನ್ ಮಾಡಿಯಾಯಿತು.

"ಅವರು ಒಪ್ಕೊಂಡ್ರಾ?" ಸಾಣೆಯಮ್ಮ ಕಲ್ಲಿನಿಂದ ಕಣ್ಣು ತೆಗೆಯದೆ ಕೇಳಿದಳು.

"ಒಂದು ಷರತ್ತು ಹಾಕಿದಾರಮ್ಮ. ನೀವು ಬಂದ್ರೆ ಬರ್ತಾರಂತೆ, ಇಲ್ಲಾಂದ್ರೆ ಇಲ್ವಂತೆ."

ಯೋಚಿಸಿ ಹೇಳುತ್ತೇನೆ ಎಂದು ಹುಡುಗಿಯನ್ನು ಕಳಿಸಿ ಸಾಣೆಯಮ್ಮ ಕೈಯಲ್ಲಿದ್ದ ಬೂಟಿನ ಅಲಗಿನ ಮೇಲೆ ಸ್ಟೀಲ್ ಪಟ್ಟಿಯನ್ನು ಅಡ್ಡ ಇಟ್ಟು ನೋಡಿದಳು. ಪಟ್ಟಿ ವಾಲಿ ನಿಂತಿತ್ತು. ಒಳಅಂಚು ಹೊರಅಂಚಿಗಿಂತ ತಗ್ಗಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಅವಳ ಕೈ ತಪ್ಪಿದ್ದು ಅದೇ ಮೊದಲು.

ತಪ್ಪದೆ ಇನ್ನೇನಾದೀತು. ಮೂವತ್ತೆಂಟು ವರ್ಷದ ಹಿಂದೆ ಆಡಿದ ಒಂದು ಮಾತು ಅವಳ ಗಂಟಲಲ್ಲಿ ಇನ್ನೂ ಹಾಗೇ ಇತ್ತು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು, ತೆಗೆದುಕೊಳ್ಳದೆ ಕಣ್ಣು ಮುಚ್ಚಬಾರದು ಎಂದು ಅವಳು ದೇವರ ಮುಂದೆ ಎಷ್ಟು ಸಲ ಹೇಳಿಕೊಂಡಿದ್ದಳೋ. ಆದರೆ ಯಾರಿಗೆ ಆಡಿದ್ದಳೋ ಅವಳ ಮುಂದೆ ನಿಲ್ಲುವ ಧೈರ್ಯ ಬಂದಿರಲಿಲ್ಲ. ಈಗ ದೇವರು ಅವಳನ್ನೇ ಬಾಗಿಲಿಗೆ ಕಳಿಸುತ್ತೇನೆ ಎನ್ನುತ್ತಿದ್ದಾನೆ. ಬರಬೇಡ ಎನ್ನಲು ಇವಳಿಗೆ ಬಾಯಿಲ್ಲ, ಬಾ ಎನ್ನಲು ಎದೆಯಿಲ್ಲ.

ಈಗಿನ ಮಕ್ಕಳಿಗೆ ಸ್ಕೇಟಿಂಗ್ ಎಂದರೆ ಹಾರುವುದು, ಗಿರಗಿರನೆ ಸುತ್ತುವುದು, ಸಂಗೀತ, ಮಿಣಮಿಣ ಅಂಗಿ. ಆಗ ಅದೆಲ್ಲ ಸ್ಪರ್ಧೆಯ ಅರ್ಧ ಮಾತ್ರ. ಇನ್ನರ್ಧ ಬರವಣಿಗೆ. ಹೊಸದಾಗಿ ನೀರು ಹಾಯಿಸಿ ಗಟ್ಟಿಯಾದ ಐಸಿನ ಮೇಲೆ, ಒಂದೇ ಕಾಲಿನಲ್ಲಿ, ಅಲಗಿನ ಒಂದೇ ಅಂಚಿನಲ್ಲಿ, ಎರಡು ಸೊನ್ನೆಗಳನ್ನು ಅಂಟಿಸಿಟ್ಟಂತೆ ಒಂದು ಎಂಟನ್ನು ಬರೆಯಬೇಕು. ಒಂದು ಸೊನ್ನೆಗೆ ಬಲಗಾಲು, ಇನ್ನೊಂದಕ್ಕೆ ಎಡಗಾಲು. ಬರೆದದ್ದರ ಮೇಲೆಯೇ ಮತ್ತೊಮ್ಮೆ, ಅದರ ಮೇಲೆ ಇನ್ನೊಮ್ಮೆ. ಸಂಗೀತವಿಲ್ಲ, ಚಪ್ಪಾಳೆಯಿಲ್ಲ. ಅಲಗು ಐಸನ್ನು ಕೊಯ್ಯುವ ಸರ್ರನೆಯ ಸದ್ದೊಂದೇ. ಬರೆದವಳು ಪಕ್ಕಕ್ಕೆ ಹೋದ ಮೇಲೆ ತೀರ್ಪುಗಾರರು ಬರುತ್ತಿದ್ದರು. ಬಗ್ಗಿ, ಮಂಡಿಯೂರಿ, ಕೆಲವರು ಕೆನ್ನೆ ಐಸಿಗೆ ತಾಗುವಷ್ಟು ಬಾಗಿ, ಮೂರು ಸುತ್ತಿನ ಗೆರೆ ಒಂದೇ ಗೆರೆಯಾಗಿ ಕೂತಿದೆಯೇ ಎಂದು ನೋಡುತ್ತಿದ್ದರು. ಪಾದ ಚಪ್ಪಟೆಯಾಗಿ ಎರಡೂ ಅಂಚು ಊರಿದರೆ ಕೂದಲೆಳೆಯಂಥ ಎರಡು ಗೆರೆ ಅಕ್ಕಪಕ್ಕ ಮೂಡುತ್ತಿತ್ತು. ಅದಕ್ಕೆ ಜೋಡಿಗೆರೆ ಎಂದು ಹೆಸರು. ಆ ರಿಂಕಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿರಲಿಲ್ಲ.

ಅಭ್ಯಾಸಕ್ಕೆಂದು ಬೆಳಗ್ಗೆ ಐಸನ್ನು ಭಾಗ ಮಾಡಿ ಒಬ್ಬೊಬ್ಬರಿಗೆ ಒಂದೊಂದು ಪಾಲು ಕೊಡುತ್ತಿದ್ದರು. ಹದಿನಾರು ಪಾಲು. ಆ ವರ್ಷ ಹುಡುಗಿಯರು ಹದಿನೇಳಾದರು. ಮೂಲೆಯ ಪಾಲು ಉಳಿದವುಗಳಿಗಿಂತ ಚೂರು ಅಗಲ ಎಂದು ಮೇಷ್ಟ್ರು ಅತಿ ಚಿಕ್ಕವರಾದ ಇಬ್ಬರನ್ನು ಅಲ್ಲಿಗೆ ತಳ್ಳಿ, ಹೊಂದಿಕೊಂಡು ಹೋಗಿ ಎಂದರು. ಇಬ್ಬರಿಗೂ ಒಂಬತ್ತು ವರ್ಷ. ಒಬ್ಬಳು ಉದ್ದಕ್ಕೆ ಬೆಳೆದು ಕೈಕಾಲು ಎಲ್ಲಿಡಬೇಕೆಂದು ತಿಳಿಯದವಳು. ಅವಳನ್ನು ಎಲ್ಲರೂ ಏಣಿ ಎನ್ನುತ್ತಿದ್ದರು. ಇನ್ನೊಬ್ಬಳು ಗಿಡ್ಡಿ, ಟೈಲರ್ ಮಗಳು, ಈಗಿನ ಸಾಣೆಯಮ್ಮ. ಅವಳು ಗುಂಡಿ.

"ಗುಂಡಿ ಅಂದ್ರೆ ಹಾಕೋ ಗುಂಡೀನೋ, ಬೀಳೋ ಗುಂಡೀನೋ?" ಮೊದಲ ದಿನವೇ ಏಣಿ ಕೇಳಿದಳು.

"ನಿನ್ನ ಅಂಗೀಲಿ ಹಾಕೋದು. ನೀನು ಬೀಳೋದು," ಎಂದಳು ಗುಂಡಿ. ಅಲ್ಲಿಂದ ಇಬ್ಬರೂ ಜೋಡಿಯಾದರು.

ಐಸಿಗೆ ನೀರು ಹಾಯಿಸುವವನನ್ನು ನೀರಣ್ಣ ಎನ್ನುತ್ತಿದ್ದರು. ಹೊಟ್ಟೆಯ ಮೇಲೆ ರಬ್ಬರ್ ಏಪ್ರನ್ನು, ಕಿವಿ ಮುಚ್ಚುವ ಟೋಪಿ, ಬಾಯಲ್ಲಿ ಸದಾ ಒಂದು ಗುನುಗು. ಇಬ್ಬರಿಗೂ ಜಗಳ ಬರಬಾರದೆಂದು ಮೇಷ್ಟ್ರು ಹಗ್ಗ ಹಿಡಿದು ಅಳೆದುಕೊಟ್ಟರು. ಬರೆಯುವವಳ ಎತ್ತರದ ಮೂರು ಪಟ್ಟು ಸೊನ್ನೆಯ ಅಗಲವಿರಬೇಕು ಎಂಬುದು ಆಗಿನ ಲೆಕ್ಕ. ಏಣಿ ಉದ್ದ, ಅವಳಿಗೆ ಹೆಚ್ಚು. ಗುಂಡಿ ಗಿಡ್ಡ, ಅವಳಿಗೆ ಕಡಿಮೆ. ಅದು ನ್ಯಾಯವೇ. ಅಳತೆ ಬಂದ ಕಡೆ ನೀರಣ್ಣ ಅಂಚಿನ ಮರದ ಹಲಗೆಗೆ ಒಂದು ಮೊಳೆ ಹೊಡೆದ. ದಿನಾ ಬೆಳಗ್ಗೆ ಆ ಮೊಳೆಗೆ ನೀಲಿಯಲ್ಲಿ ಅದ್ದಿದ ದಾರ ಕಟ್ಟಿ, ಎಳೆದು, ಒಮ್ಮೆ ಮೀಟಿ ಬಿಡುತ್ತಿದ್ದ. ಐಸಿನ ಮೇಲೆ ನೀಲಿ ಗಡಿ ಬೀಳುತ್ತಿತ್ತು.

"ದಾಯಾದಿಗಳೇ, ಬಂದು ನಿಮ್ಮ ಹೊಲ ಉತ್ಕೊಳ್ಳಿ," ಎಂದು ಕೂಗುತ್ತಿದ್ದ.

ದಾಯಾದಿಗಳು ಉತ್ತರು. ಆರು ವರ್ಷ ಉತ್ತರು. ಒಂದೇ ಜೊತೆ ಉಣ್ಣೆಯ ಕೈಗವಸನ್ನು ಆಳಿಗೊಂದರಂತೆ ಹಾಕಿಕೊಂಡು, ಬರಿಗೈಯನ್ನು ಬಾಯಿಗಿಟ್ಟು ಊದಿಕೊಳ್ಳುತ್ತ ಉತ್ತರು. ಒಬ್ಬಳು ಬರೆದದ್ದನ್ನು ಇನ್ನೊಬ್ಬಳು ಮಂಡಿಯೂರಿ ನೋಡಬೇಕು. ಅದು ಅವರಿಬ್ಬರ ಕಟ್ಟಲೆ. ಏಣಿ ಒಂದು ದಿನವೂ ಚೆನ್ನಾಗಿದೆ ಎಂದವಳಲ್ಲ. ಇಲ್ಲೊಂದು ಬೆರಳು ಜೋಡಿಗೆರೆ, ಇಲ್ಲಿ ಎರಡು ಬೆರಳು, ಇದೇನು ಗೆರೆಯೋ ರೈಲು ಹಳಿಯೋ ಎನ್ನುತ್ತಿದ್ದಳು. ಗುಂಡಿಗೆ ಅಳು ಬರುತ್ತಿತ್ತು. ಅತ್ತು ಮತ್ತೆ ಬರೆಯುತ್ತಿದ್ದಳು. ಹಾಗೆ ಅತ್ತು ಅತ್ತು ಅವಳ ಗೆರೆ ಆ ರಿಂಕಿನಲ್ಲೇ ಇಲ್ಲದಷ್ಟು ಚೊಕ್ಕವಾಯಿತು. ಈಗ ಸಾಣೆಯಮ್ಮ ನೆನೆಯುತ್ತಾಳೆ: ಹೊಗಳಿದವರ ಮುಖ ಒಂದೂ ನೆನಪಿಲ್ಲ, ಐಸಿನ ಮೇಲೆ ಕೆನ್ನೆಯಿಟ್ಟು ತಪ್ಪು ಹುಡುಕುತ್ತಿದ್ದ ಆ ಉದ್ದ ಮುಖ ಮಾತ್ರ ಕೆಂಪು ಮೂಗಿನ ಸಮೇತ ನೆನಪಿದೆ.

ಅಭ್ಯಾಸ ಮುಗಿದ ಮೇಲೆ ಇಬ್ಬರೂ ಗುಂಡಿಯ ಅಪ್ಪನ ಅಂಗಡಿಗೆ ಹೋಗುತ್ತಿದ್ದರು. ಇಸ್ತ್ರಿಯ ಬಿಸಿಗೆ ಕೈ ಕಾಯಿಸಿಕೊಳ್ಳುವುದು ನೆಪ. ಅಪ್ಪ ಹೊಲಿಗೆ ಯಂತ್ರ ತುಳಿಯುತ್ತಲೇ ಇಬ್ಬರ ಎಂಟುಗಳ ಸುದ್ದಿ ಕೇಳುತ್ತಿದ್ದ. ಅವನು ಮಿತಭಾಷಿ; ಬಾಯಲ್ಲಿ ಗುಂಡುಸೂಜಿ ಇದ್ದರೆ ಇನ್ನೂ ಮಿತ. ಹದಿಮೂರು ತುಂಬಿದ ಮೇಲೆ ಮಗಳ ಫ್ರಾಕಿನ ಕೆಳಮಡಿಕೆಯನ್ನು ಅವನು ಮೂರು ಸಲ ಬಿಚ್ಚಿ ಉದ್ದ ಮಾಡಿದ. ಮೂರು ಸಲವೂ ಅಳತೆ ಪುಸ್ತಕದಲ್ಲಿ ಬರೆದುಕೊಂಡ. ಅಪ್ಪನ ಟೇಪಿಗೆ ಮಗಳು ಬೆಳೆದದ್ದು ಗೊತ್ತಾಯಿತು. ರಿಂಕಿನ ಮೊಳೆಗೆ ಗೊತ್ತಾಗಲಿಲ್ಲ. ಅದು ಒಂಬತ್ತು ವರ್ಷದ ಗುಂಡಿಯನ್ನೇ ನೆನಪಿಟ್ಟುಕೊಂಡು ಹಲಗೆಯಲ್ಲಿ ಹಾಗೇ ಇತ್ತು. ಗುಂಡಿಯ ಕಾಲೂ ಹಾಗೇ, ನೀಲಿ ಗಡಿ ಬಂತೆಂದರೆ ತಾನೇ ತಾನಾಗಿ ಒಳಗೆ ತಿರುಗುವುದನ್ನು ಕಲಿತುಬಿಟ್ಟಿತ್ತು. ಯಾರೂ ಗಮನಿಸಿದಂತಿರಲಿಲ್ಲ. ನೋಡುವವರೆಲ್ಲ ಗೆರೆಯನ್ನು ನೋಡುತ್ತಿದ್ದರು.

ಹದಿನೈದನೆಯ ವಯಸ್ಸಿಗೆ ಆಯ್ಕೆಯ ಸ್ಪರ್ಧೆ ಬಂತು. ಊರೂರಿನ ರಿಂಕುಗಳಿಂದ ಹುಡುಗಿಯರು ಬರುತ್ತಾರೆ, ದೊಡ್ಡ ಪಂದ್ಯಕ್ಕೆ ಹೋಗುವ ಜಾಗ ಒಂದೇ. ಒಂದು ತಿಂಗಳು ದಾಯಾದಿಗಳು ಒಬ್ಬರ ಗೆರೆಯನ್ನು ಒಬ್ಬರು ನೋಡುವುದನ್ನು ಬಿಟ್ಟರು. ನೋಡಬೇಡ ಎಂದು ಯಾರೂ ಹೇಳಲಿಲ್ಲ. ಒಂದು ದಿನ ಏಣಿ ಬಗ್ಗಲಿಲ್ಲ, ಮಾರನೆಯ ದಿನ ಗುಂಡಿ ಬಗ್ಗಲಿಲ್ಲ. ಕೈಗವಸು ಮಾತ್ರ ಹಾಗೇ ಒಂದೊಂದು ಉಳಿಯಿತು. ವಾಪಸ್ ಕೇಳುವುದು ಹೇಗೆ ಎಂದು ಇಬ್ಬರಿಗೂ ತಿಳಿಯಲಿಲ್ಲ. ಗುಂಡಿಗೆ ಊಟ ಸೇರದಾಯಿತು. ಅಮ್ಮ ಏನೂ ಕೇಳದೆ ಮಗಳ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಎಣ್ಣೆ ತಿಕ್ಕುತ್ತ, ತುಟಿಯಲ್ಲೇ ದೇವರ ಹೆಸರು ಹೇಳಿಕೊಳ್ಳುತ್ತಿದ್ದಳು. ಅಪ್ಪ ತಿಳಿನೀಲಿ ಬಣ್ಣದ ಹೊಸ ಫ್ರಾಕು ಹೊಲಿದ. ಕತ್ತಿನ ಹಿಂದೆ ಒಂದೇ ಒಂದು ಬಿಳಿ ಗುಂಡಿ.

ಸ್ಪರ್ಧೆಯ ದಿನ ಗುಂಡಿ ಐಸಿಗಿಳಿದಾಗ ಎದುರಿಗೆ ಇಡೀ ರಿಂಕು ಖಾಲಿ ಬಿದ್ದಿತ್ತು. ನೀಲಿ ಗಡಿಯಿಲ್ಲ, ಪಕ್ಕದಲ್ಲಿ ಏಣಿಯಿಲ್ಲ. ಎಲ್ಲಿ ಬೇಕಾದರೂ ಬರೆಯಬಹುದು, ಎಷ್ಟು ಬೇಕಾದರೂ ಬರೆಯಬಹುದು. ಅವಳು ಉಸಿರು ಹಿಡಿದು ಬರೆದಳು. ಮೂರು ಸುತ್ತು, ಒಂದೇ ಗೆರೆ. ತೀರ್ಪುಗಾರರು ಮಂಡಿಯೂರಿದರು, ಒಬ್ಬರ ಮುಖ ಒಬ್ಬರು ನೋಡಿದರು. ಬಿಳಿ ಕೂದಲಿನ ಹಿರಿಯರೊಬ್ಬರು ಹತ್ತಿರ ಬಂದು ಮೆಲ್ಲಗೆ, ಇಂಥ ಗೆರೆಯನ್ನು ತಾನು ನೋಡಿ ಬಹಳ ವರ್ಷವಾಯಿತು ಎಂದರು. ಆಮೇಲೆ ತಲೆ ಅಲ್ಲಾಡಿಸಿದರು.

"ಆದ್ರೆ ಮಗಳೇ, ಇಷ್ಟು ಚಿಕ್ಕದು ಯಾಕೆ ಬರೆದೆ? ಇದು ಒಂಬತ್ತು ವರ್ಷದ ಮಗು ಬರೆಯೋ ಎಂಟು."

ಅಂಕ ಕಡಿತವಾಯಿತು. ಮಧ್ಯಾಹ್ನದ ಹಾರುವ ಕುಣಿಯುವ ಸುತ್ತಿನಲ್ಲಿ ಇಬ್ಬರೂ ಸಮಸಮ ನಿಂತರು. ಎಲ್ಲ ಕೂಡಿಸಿದಾಗ ಗುಂಡಿ ಅರ್ಧ ಅಂಕಕ್ಕೆ ಹಿಂದೆ ಬಿದ್ದಳು. ಜಾಗ ಏಣಿಯದಾಯಿತು.

ಬಟ್ಟೆ ಬದಲಿಸುವ ಕೋಣೆಯ ಹೊರಗೆ ಉದ್ದನೆಯ ಓಣಿ, ಕಾಲಡಿಗೆ ರಬ್ಬರ್ ಹಾಸು. ಏಣಿ ಬೂಟು ಕಳಚದೆಯೇ ಅಲ್ಲಿ ಕಾಯುತ್ತಿದ್ದಳು. ಏನೋ ಹೇಳಬೇಕೆಂದು ಬಾಯಿ ತೆರೆದಳು. ಗುಂಡಿ ಬಿಡಲಿಲ್ಲ. ಅವಳು ಕೂಗಲಿಲ್ಲ, ಅಳಲಿಲ್ಲ. ತಣ್ಣಗೆ, ಅಕ್ಷರ ಅಕ್ಷರ ಬಿಡಿಸಿ ಹೇಳಿದಳು.

"ನನ್ನ ಪಾಲನ್ನೂ ತಿಂದು ಉದ್ದ ಆದೋಳು ನೀನು."

ಏಣಿಯ ಬಾಯಿ ತೆರೆದದ್ದು ಹಾಗೇ ಮುಚ್ಚಿತು. ಬಿಸಿಲಿಗಿಟ್ಟ ಬಟ್ಟೆಯ ಬಣ್ಣ ಹೋದಂತೆ ಆ ಮುಖದ ಬಣ್ಣ ಹೋಯಿತು. ತನ್ನ ಕೈಯಲ್ಲಿದ್ದ ಒಂದು ಕೈಗವಸನ್ನು ಬೆಂಚಿನ ಮೇಲಿಟ್ಟು ಹೊರಟುಹೋದಳು. ಅದೇ ಕೊನೆ.

ನಾಲ್ಕು ದಿನ ಬಿಟ್ಟು ಗುಂಡಿ ಅಪ್ಪನ ಅಂಗಡಿಯಲ್ಲಿ ಮುಖ ಗಂಟು ಹಾಕಿಕೊಂಡು ಕೂತಿದ್ದಾಗ ಅಪ್ಪ ಅಳತೆ ಪುಸ್ತಕ ಬಿಚ್ಚಿ ಅವಳ ತೊಡೆಯ ಮೇಲಿಟ್ಟ. ಒಂಬತ್ತರ ಅಳತೆ ಒಂದು ಪುಟದಲ್ಲಿ, ಹದಿನೈದರದು ಇನ್ನೊಂದರಲ್ಲಿ. ಬಾಯಿಂದ ಗುಂಡುಸೂಜಿ ತೆಗೆದು, ನೀನು ಗಿಡ್ಡಿಯಲ್ಲ ಮಗಳೇ, ನಾವೇ ನಿನ್ನನ್ನು ಗಿಡ್ಡಿ ಎಂದುಕೊಂಡು ಕೂತಿದ್ದೆವು ಎಂದ. ಆ ಹುಡುಗಿಯನ್ನು ಬೈಯಬೇಡ, ತಪ್ಪು ಟೇಪು ಹಿಡಿದವನದು, ಬಟ್ಟೆ ಅಳೆದೆ, ಐಸು ಅಳೆಯಲು ನನಗೆ ಹೊಳೆಯಲಿಲ್ಲ ಎಂದ. ಅವನು ಅಷ್ಟು ಮಾತಾಡಿದ್ದನ್ನು ಅವಳು ಹಿಂದೆಯೂ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ.

ಗುಂಡಿ ಏಣಿಯ ಮನೆಗೆ ಓಡಿದಳು. ಬಾಗಿಲು ತೆರೆದ ಅವಳ ಅಕ್ಕ, ತರಬೇತಿಗೆಂದು ಅವಳನ್ನು ಬೆಳಗ್ಗೆಯೇ ದೂರದೂರಿಗೆ ಕರೆದೊಯ್ದರಲ್ಲ ಎಂದಳು. ವಿಳಾಸ ಬರೆದುಕೊಟ್ಟಳು. ಆ ವಿಳಾಸಕ್ಕೆ ಗುಂಡಿ ಏಳು ಕಾಗದ ಬರೆದಳು, ಏಳನ್ನೂ ಹರಿದಳು. ತಪ್ಪಾಯಿತು ಎಂಬ ಒಂದು ಪದ ಬರೆಯುವುದು ಎಂಟು ಬರೆಯುವುದಕ್ಕಿಂತ ಕಷ್ಟವೆಂದು ಆಗ ತಿಳಿಯಿತು. ಏಣಿ ದೊಡ್ಡ ಪಂದ್ಯದಲ್ಲಿ ಹತ್ತೊಂಬತ್ತನೆಯವಳಾದಳು ಎಂದು ಸುದ್ದಿ ಬಂತು. ಆಮೇಲೆ ಸ್ಕೇಟಿಂಗ್ ಬಿಟ್ಟಳಂತೆ, ಜಮೀನು ಅಳೆಯುವ ಸರ್ವೆ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಳಂತೆ ಎಂದು ಕಿವಿಗೆ ಬಿತ್ತು. ಗುಂಡಿ ಇನ್ನೆರಡು ವರ್ಷ ಬರೆದಳು. ಅಷ್ಟರಲ್ಲಿ ಸ್ಪರ್ಧೆಯಿಂದ ಎಂಟು ಬರೆಯುವುದನ್ನೇ ತೆಗೆದುಹಾಕಿದರು. ನೋಡುವವರಿಗೆ ಬೇಸರವಂತೆ. ಯಾವ ವಿದ್ಯೆಗಾಗಿ ಸ್ನೇಹವನ್ನು ಕಡಿದುಕೊಂಡಿದ್ದಳೋ ಆ ವಿದ್ಯೆಯೇ ಇಲ್ಲವಾಯಿತು.

ಇದನ್ನೆಲ್ಲ ನೆನೆದು ಸಾಣೆಯಮ್ಮ ಮೂರು ದಿನ ಮ್ಯಾನೇಜರ್ ಹುಡುಗಿಗೆ ಉತ್ತರ ಕೊಡಲಿಲ್ಲ. ನಾಲ್ಕನೆಯ ದಿನ ಬೆಳಗ್ಗೆ, ಯಾರೂ ಬರುವ ಮೊದಲು, ಐಸಿನ ಅಂಚಿಗೆ ಹೋಗಿ ಮೂಲೆಯ ಹಲಗೆಯ ಮೇಲೆ ಕೈಯಾಡಿಸಿದಳು. ಎಷ್ಟೋ ಸಲ ಬಣ್ಣ ಬಳಿದಿದ್ದಾರೆ, ಮೊಳೆಯನ್ನು ಕೀಳಲು ಯಾರಿಗೂ ತೋಚಿಲ್ಲ. ಬಣ್ಣದ ಕೆಳಗೆ ಹುಣ್ಣು ಮಾಯ್ದ ಗಂಟಿನಂತೆ ಬೆರಳಿಗೆ ಸಿಕ್ಕಿತು. ಅಲ್ಲೇ ನಿಂತು ದೇವರನ್ನು ನೆನೆದಳು. ನೀನು ಕಳಿಸಿದವಳನ್ನು ನಾನು ತಡೆಯುವುದು ತರವಲ್ಲ ಎಂದುಕೊಂಡಳು. ಹುಡುಗಿಯ ಹತ್ತಿರ ಹೋಗಿ, ನಾನು ಬರುತ್ತೇನೆಂದು ಅವರಿಗೆ ಹೇಳು ಎಂದಳು.

ಭಾನುವಾರ ರಿಂಕಿನ ತುಂಬ ಮಕ್ಕಳು, ಬಲೂನು, ಮೈಕಿನ ಕಿರಿಕಿರಿ. ಸಾಣೆಯಮ್ಮ ತನ್ನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂತು ತನ್ನ ಬೂಟಿನ ದಾರ ಬಿಗಿಯುತ್ತಿದ್ದಾಗ ಬಾಗಿಲಿನ ಬೆಳಕು ಮರೆಯಾಯಿತು. ತಲೆಯೆತ್ತಬೇಕಾಗಿರಲಿಲ್ಲ. ಆ ಬಾಗಿಲನ್ನು ಹಾಗೆ ಮೇಲಿನವರೆಗೆ ತುಂಬುವವರು ಬೇರೆ ಯಾರಿದ್ದಾರೆ. ಕೂದಲು ನೆರೆತಿತ್ತು, ಬಲ ಮಂಡಿಗೆ ದಪ್ಪ ಪಟ್ಟಿ ಬಿಗಿದಿತ್ತು, ಕಂಕುಳಲ್ಲಿ ಹಳೇ ಬೂಟುಗಳು.

"ಈ ಗೂಡಲ್ಲಿ ಹೆಂಗೆ ಹಿಡಿಸ್ತೀಯ ನೀನು?" ಎಂದಳು ಏಣಿ.

"ನಾನು ಗಿಡ್ಡಿ ಅಲ್ವಾ," ಎಂದಳು ಸಾಣೆಯಮ್ಮ. ಅಂದ ಮೇಲೆ ಆ ಮಾತು ಹೇಗೆ ಬಿದ್ದಿತೋ ಎಂದು ಹೆದರಿ, ಎದ್ದು, ಬಾಗಿಲಿನ ಚೌಕಟ್ಟು ಹಿಡಿದು ನಿಂತಳು. ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಎಂದು ಅವಳಿಗೆ ತಿಳಿದಿತ್ತು. ಒಂದೇ ಉಸಿರಿಗೆ ಹೇಳಿದಳು. ಆವತ್ತು ಓಣಿಯಲ್ಲಿ ಆಡಿದ್ದು ಸುಳ್ಳು ಮಾತು. ನಾನು ಬೆಳೆದೆ, ನನ್ನ ಸೊನ್ನೆ ಬೆಳೆಯಲಿಲ್ಲ, ಅದರಲ್ಲಿ ನಿನ್ನದೇನೂ ಇರಲಿಲ್ಲ, ನಾಲ್ಕೇ ದಿನಕ್ಕೆ ನನಗೆ ಗೊತ್ತಾಯಿತು, ಆದರೂ ಮೂವತ್ತೆಂಟು ವರ್ಷ ಬಾಯಿ ಬಿಡಲಿಲ್ಲ. ಆ ಮಾತನ್ನು ಹಿಂದಕ್ಕೆ ತಗೊಳ್ಳುತ್ತೇನೆ.

ಏಣಿ ಕೇಳಿದಳು. ಕೇಳಿ, ಮೆಟ್ಟಿಲಿನ ಕೊನೆಯ ಹಂತದ ಮೇಲೆ ಕಾಲು ಚಾಚಿ ಕೂತಳು.

"ತಗೋಬೇಡ," ಎಂದಳು. "ಅದು ನಂದು. ನನ್ನ ಹತ್ರಾನೇ ಇರ್ಲಿ."

ಆಮೇಲೆ ಅವಳು ಹೇಳಿದ್ದು ಇದು. ಹದಿಮೂರನೆಯ ವಯಸ್ಸಿನಲ್ಲಿ ಒಂದು ಬೆಳಗ್ಗೆ ಅವಳು ಮೊದಲು ಬಂದಿದ್ದಳು. ಮೇಷ್ಟ್ರು ಅವಳನ್ನು ಕರೆದು, ಗುಂಡಿಯ ಫ್ರಾಕಿನ ಮಡಿಕೆ ಬಿಚ್ಚಿದ್ದಾರೆ ನೋಡು, ಹುಡುಗಿ ಬೆಳೆದಿದ್ದಾಳೆ, ಮೊಳೆಯನ್ನು ನಿನ್ನ ಕಡೆಗೆ ಒಂದು ಮೊಳ ಸರಿಸಬೇಕೆಂದು ನೀರಣ್ಣನಿಗೆ ಹೇಳು ಎಂದಿದ್ದರು. ಅವತ್ತು ಅವಳು ನಿಜವಾಗಿ ಮರೆತಳು. ಮಾರನೆಯ ದಿನ ನೆನಪಾಯಿತು. ನೀರಣ್ಣ ದಾರ ಮೀಟುತ್ತಿದ್ದ, ಹೇಳಬೇಕೆಂದು ಹತ್ತಿರ ಹೋದಳು. ಅದೇ ಹೊತ್ತಿಗೆ ಅವಳ ದೊಡ್ಡ ಸೊನ್ನೆ ಕೈಗೆ ಹತ್ತುತ್ತಿತ್ತು. ಒಂದು ಮೊಳ ಹೋದರೆ ಮತ್ತೆ ಮೊದಲಿನಿಂದ. ನಾಳೆ ಹೇಳಿದರಾಯಿತು ಎಂದುಕೊಂಡಳು. ಹಾಗೆ ಎರಡು ವರ್ಷ ನಾಳೆಯಾಯಿತು. ಮೇಷ್ಟ್ರು ಹದಿನಾರು ಪಾಲು ನೋಡಬೇಕು, ಒಮ್ಮೆ ಹೇಳಿದ್ದನ್ನು ಅವರು ತಿರುಗಿ ನೋಡುವವರಲ್ಲ.

"ಸ್ಪರ್ಧೆ ದಿನ ನಿನ್ನ ಎಂಟು ನೋಡಿ ಮೇಷ್ಟ್ರು ಸೀದಾ ನನ್ನ ಮುಖ ನೋಡಿದ್ರು. ಒಂದು ಮಾತೂ ಕೇಳಲಿಲ್ಲ. ಬೈದಿದ್ರೆ ಬದುಕ್ಕೊಳ್ತಿದ್ದೆ. ಅದನ್ನ ನಿಂಗೆ ಹೇಳೋಣ ಅಂತಾನೇ ಓಣೀಲಿ ನಿಂತಿದ್ದೆ. ನಾನು ಹೇಳೋ ಮೊದಲೇ ನೀನು ಹೇಳ್ಬಿಟ್ಟೆ. ನಿಂಗೆ ಗೊತ್ತಾಗೋಗಿದೆ ಅಂದ್ಕೊಂಡೆ." ಏಣಿ ಮಂಡಿ ನೀವಿಕೊಂಡಳು. "ಮೂವತ್ತು ವರ್ಷ ಊರೋರ ಗಡಿ ಅಳೆದೆ ಕಣೆ. ಅಣ್ಣತಮ್ಮಂದಿರು ಗೇಣು ಜಾಗಕ್ಕೆ ಹೊಡೆದಾಡೋರು. ನಾನು ಅಳತೆ ಚೈನು ಹಿಡ್ಕೊಂಡು ನ್ಯಾಯ ಹೇಳೋಳು. ಹೇಳ್ವಾಗೆಲ್ಲ ಆ ಮೊಳೆ ಕಣ್ಮುಂದೆ ಬರೋದು."

ಸಾಣೆಯಮ್ಮನಿಗೆ ಕೋಪ ಬರಬೇಕಿತ್ತು. ಬಂತು ಕೂಡ, ಹದಿನೈದು ವರ್ಷದ ಹುಡುಗಿಯ ಕೋಪ, ತಿಳಿನೀಲಿ ಫ್ರಾಕು ತೊಟ್ಟುಕೊಂಡೇ ಬಂತು. ತಾನು ಮೂವತ್ತೆಂಟು ವರ್ಷ ಹೊತ್ತ ತಪ್ಪಿನಲ್ಲಿ ಅರ್ಧ ತನ್ನದೇ ಅಲ್ಲ. ಇವಳು ಒಂದು ಮಾತು ನೀರಣ್ಣನ ಕಿವಿಗೆ ಹಾಕಿದ್ದರೆ ಬದುಕು ಬೇರೆ ಕಡೆ ತಿರುಗುತ್ತಿತ್ತೋ ಏನೋ. ಆ ಕೋಪ ಬಾಗಿಲಲ್ಲಿ ನಿಂತು, ಮೆಟ್ಟಿಲ ಮೇಲೆ ಕೂತ ನೆರೆಗೂದಲನ್ನೂ ಮಂಡಿಯ ಪಟ್ಟಿಯನ್ನೂ ನೋಡಿತು. ಕೂರಲು ಜಾಗ ಸಿಗದೆ ಅಲ್ಲೇ ನಿಂತಿತು. ಇವಳೂ ತನ್ನ ಹಾಗೆಯೇ ಏಳು ಕಾಗದ ಹರಿದವಳು ಎಂದು ಸಾಣೆಯಮ್ಮನಿಗೆ ಯಾರೂ ಹೇಳದೆ ತಿಳಿಯಿತು.

"ಒಂದು ಮೊಳ ತಾನೆ?" ಎಂದಳು.

"ಒಂದು ಮೊಳ."

"ಬೂಟು ಕೊಡು. ತುಕ್ಕು ಹಿಡಿದಿದೆ."

ಅವಳು ಬೂಟು ತೆಗೆದುಕೊಂಡು, ಎಂದಿನಂತೆ ಒಂದು ಗಳಿಗೆ ಕಣ್ಣು ಮುಚ್ಚಿದಳು. ಬಿದ್ದರೆ ಏಳುವಷ್ಟು ಬಲ ಮೊಣಕಾಲಿಗಿರಲಿ. ಇಷ್ಟು ವರ್ಷ ಸಾವಿರ ಬೂಟಿಗೆ ಹೇಳಿದ ಮಾತು ಅವತ್ತು ಮೊದಲ ಸಲ ಹೇಳಿದಂತೆ ಬಾಯಿಂದ ಬಂತು. ಕಲ್ಲು ತಿರುಗಿತು. ತುಕ್ಕು ಕೆಂಪಗೆ ಉದುರಿ, ಕೆಳಗಿನಿಂದ ಬೆಳ್ಳಗೆ ಅಲಗು ಎದ್ದಿತು. ಕಲ್ಲಿನ ಸದ್ದಿನಲ್ಲಿ ಇಬ್ಬರೂ ಮೂಗು ಒರೆಸಿಕೊಂಡರು. ಕೇಳಿಸಲಿಲ್ಲವೆಂದು ಇಬ್ಬರೂ ಅಂದುಕೊಂಡರು. ಸ್ಟೀಲ್ ಪಟ್ಟಿ ಇಟ್ಟು ನೋಡಿದಾಗ ಅದು ಕದಲದೆ ಸಮವಾಗಿ ಕೂತಿತು.

ಮೈಕಿನಲ್ಲಿ ಅವರನ್ನು ಕರೆದರು. ಮಕ್ಕಳನ್ನು ಐಸಿನಿಂದ ಕೆಳಗಿಳಿಸಿ, ನೀರು ಹಾಯಿಸುವ ಯಂತ್ರ ಒಂದು ಸುತ್ತು ಹೋಗಿ, ಐಸು ಕನ್ನಡಿಯಂತಾಗಿತ್ತು. ಏಣಿಯ ಮಂಡಿ ಐಸಿನ ಮೇಲೆ ನಿಲ್ಲಲು ಮಾತ್ರ ಒಪ್ಪುತ್ತಿತ್ತು, ಬರೆಯಲು ಒಪ್ಪುವಂತಿರಲಿಲ್ಲ. ಅವಳು ಹಲಗೆ ಹಿಡಿದುಕೊಂಡೇ ಮೂಲೆಗೆ ಹೋದಳು. ಬೆರಳಿನಿಂದ ಮೊಳೆ ಹುಡುಕಿದಳು, ಸಿಕ್ಕಿತು, ಒಂದು ಕ್ಷಣ ಅದರ ಮೇಲೆ ಅಂಗೈಯಿಟ್ಟು ನಿಂತಳು. ಆಮೇಲೆ ಹಲಗೆ ಬಿಟ್ಟು, ದಾರ ಬೀಳುತ್ತಿದ್ದ ಗೆರೆಯ ಗುಂಟ ಮೆಲ್ಲನೆ ಜಾರಿ ಬಂದು, ತನ್ನ ಹಳೇ ಪಾಲಿನಲ್ಲಿ ಗಡಿಗೆ ತಾಗಿ ನಿಂತಳು.

"ನನ್ನ ಕಡೆಗೇ ಬಾ," ಎಂದಳು. "ತಿರುಗಬೇಡ. ನಾನು ಸರಿತೀನಿ."

ಸಾಣೆಯಮ್ಮ ತನ್ನ ಪಾಲಿನ ನಡುವಿನಲ್ಲಿ ನಿಂತು ಉಸಿರು ತೆಗೆದುಕೊಂಡಳು. ಬಲಗಾಲಿನ ಹೊರಅಂಚಿನ ಮೇಲೆ ಮೈ ವಾಲಿಸಿ ಹೊರಟಳು. ಸರ್ರನೆಯ ಆ ಸದ್ದು, ಎಷ್ಟೋ ವರ್ಷ ಊರು ಬಿಟ್ಟು ಹೋಗಿದ್ದ ನೆಂಟನಂತೆ, ತಾನೇ ದಾರಿ ಹುಡುಕಿಕೊಂಡು ಬಂತು. ಅರ್ಧ ಸೊನ್ನೆ ಚೆನ್ನಾಗಿ ಬಂತು. ಗಡಿಯಿದ್ದ ಜಾಗ ಹತ್ತಿರವಾದಾಗ ಕಾಲು ತನ್ನ ಹಳೇ ಬುದ್ಧಿ ತೋರಿಸಿತು. ಒಳಗೆ ತಿರುಗು, ಒಳಗೆ ತಿರುಗು ಎಂದಿತು. ಐಸಿನ ಮೇಲೆ ದಾರವಿಲ್ಲ, ನೀಲಿಯಿಲ್ಲ, ಆದರೂ ಆ ಕಾಲಿಗೆ ಗಡಿ ಕಾಣುತ್ತಿತ್ತು. ಎದುರಿಗೆ ಏಣಿ ನಿಂತಿದ್ದಳು. ಸಾಣೆಯಮ್ಮ ಅವಳ ಮುಖವನ್ನೇ ನೋಡುತ್ತ ನೇರ ಹೋದಳು. ಇನ್ನೇನು ತಾಗಬೇಕು ಎನ್ನುವಾಗ ಏಣಿ ಎರಡೂ ಕೈ ಚಾಚಿ ತೂಕ ಹಿಡಿದುಕೊಂಡು, ಒಂದು ಮೊಳ ಹಿಂದಕ್ಕೆ ಸರಿದಳು. ಅಲ್ಲೇ ತಿರುವು ದಕ್ಕಿತು. ಸೊನ್ನೆ ತನ್ನ ಪೂರ್ತಿ ಅಗಲಕ್ಕೆ ತೆರೆದು, ಸುತ್ತಿ ಬಂದು, ಹೊರಟ ಜಾಗವನ್ನೇ ಮುಟ್ಟಿತು. ಎಡಗಾಲು ಇನ್ನೊಂದನ್ನು ಬರೆಯಿತು. ಮತ್ತೊಮ್ಮೆ, ಇನ್ನೊಮ್ಮೆ.

ಮುಗಿದಾಗ ಗ್ಯಾಲರಿಯಲ್ಲಿ ಚಪ್ಪಾಳೆ ಬೇಕೋ ಬೇಡವೋ ಎಂದು ಕಾದು ಆಮೇಲೆ ಬಿತ್ತು. ಏಣಿಗೆ ಅದು ಕೇಳಿಸಿದ ಹಾಗಿರಲಿಲ್ಲ. ಅವಳು ಕೆಟ್ಟ ಮಂಡಿಯನ್ನು ಒಂದು ಕಡೆ ಚಾಚಿ, ಇನ್ನೊಂದನ್ನೂರಿ, ಐಸಿನ ಮೇಲೆ ಕೆನ್ನೆಯಿಟ್ಟು ಗೆರೆ ನೋಡುತ್ತಿದ್ದಳು. ಮೂಗು ಕೆಂಪಾಗಿತ್ತು.

"ಇಲ್ಲಿದೆ ನೋಡು," ಎಂದಳು. "ಜೋಡಿಗೆರೆ. ಎರಡು ಬೆರಳು."

"ಎಲ್ಲೇ?"

"ಇಲ್ಲಿ. ನಾನು ಸರಿದ ಜಾಗದಲ್ಲಿ."

ಸಾಣೆಯಮ್ಮ ಪಕ್ಕದಲ್ಲಿ ಮಂಡಿಯೂರಿ ಬಗ್ಗಿದಳು. ಹೌದು, ಅಲ್ಲಿ ಕಾಲು ಒಂದಿಷ್ಟು ಅನುಮಾನಿಸಿತ್ತು. ಕೂದಲೆಳೆಯಂಥ ಎರಡು ಗೆರೆ ಅಕ್ಕಪಕ್ಕ ಮೂಡಿ, ಸ್ವಲ್ಪ ದೂರ ಜೊತೆಯಾಗಿ ಹೋಗಿ, ಮುಂದೆ ಒಂದಾಗಿದ್ದವು. ಅವಳು ಬೆರಳಿಟ್ಟು ಅಳೆದಳು. ಎರಡು ಬೆರಳಲ್ಲ, ಒಂದೂವರೆ ಎಂದಳು. ನಿನ್ನ ಬೆರಳು ದಪ್ಪ, ನನ್ನದರಲ್ಲಿ ಅಳೆ ಎಂದಳು ಏಣಿ. ಮೂವತ್ತು ವರ್ಷ ಸರ್ವೆ ಮಾಡಿದವಳಿಗೆ ಹೇಳಿಕೊಡುವಷ್ಟು ಬುದ್ಧಿವಂತೆಯಾದೆಯಾ ಎಂದೂ ಸೇರಿಸಿದಳು. ಮ್ಯಾನೇಜರ್ ಹುಡುಗಿ ಅಂಚಿನಲ್ಲಿ ನಿಂತು ಗಡಿಯಾರ ನೋಡಿಕೊಂಡಳು, ಮಕ್ಕಳು ಬೂಟು ಕುಟ್ಟತೊಡಗಿದರು, ನೀರು ಹಾಯಿಸುವ ಯಂತ್ರ ಬಾಗಿಲ ಬಳಿ ಬಂದು ಗುರುಗುಟ್ಟುತ್ತ ಕಾಯಿತು. ಮೂಲೆಯ ಪಾಲಿನಲ್ಲಿ ದಾಯಾದಿಗಳ ವ್ಯಾಜ್ಯ ಇನ್ನೂ ಮುಗಿದಿರಲಿಲ್ಲ.